ಸಕ್ಕರೆ ಹಾಕದ, ಗೋಧಿ ಬಳಸದ ಹಣ್ಣಿನ ಪೈ

ಕಣಕದ ತಟ್ಟೆಯಲ್ಲಿ ಹಣ್ಣಿನ ಹೂರಣ ತುಂಬಿ ಓವನ್ನಿನಲ್ಲಿ ಬೇಯಿಸುವ ತಿನಿಸು ಪೈ. ಮಧ್ಯಯುಗದ ಯುರೋಪಿನಲ್ಲಿ ರೂಪುಗೊಂಡ ಇದು ವಲಸೆಗಾರರೊಡನೆ ಅಟ್ಲಾಂಟಿಕ್ ದಾಟಿ ಅಮೆರಿಕದಲ್ಲಿ ಮನೆಮನೆಯ ಅಡುಗೆಯಾಯಿತು. ರೂಢಿಯ ಪೈಗೆ ಬೇಕಾದದ್ದು ಮೈದಾ, ಬೆಣ್ಣೆ, ಹಣ್ಣು, ಸಕ್ಕರೆ, ರಸ ಗಟ್ಟಿಯಾಗಲು ಒಂದಿಷ್ಟು ಕಾರ್ನ್‌ಫ್ಲೋರ್. ಇವುಗಳಲ್ಲಿ ಮೈದಾ, ಸಕ್ಕರೆ, ಕಾರ್ನ್‌ಫ್ಲೋರ್ ಮೂರನ್ನೂ ಬಿಟ್ಟು ಬಾದಾಮಿ ಹಿಟ್ಟು, ಹುಳಿ ಬೆರೆತ ಹಣ್ಣು ಮತ್ತು ಸಕ್ಕರೆಯಲ್ಲದ ಸಿಹಿಕಾರಕಗಳಿಂದ ಮಾಡುವ ಪೈ ಈ ಲೇಖನದ ವಿಷಯ.

ಗ್ಲುಟೆನ್ ಇಲ್ಲದಿರುವುದು, ಪಿಷ್ಟ ಕಡಿಮೆ ಇರುವುದು, ಸಕ್ಕರೆ ಸೇರಿಸದಿರುವುದು ಬೇರೆ ಬೇರೆ ಜನರ ಬೇರೆ ಬೇರೆ ಅಗತ್ಯಗಳು. ಸೀಲಿಯಾಕ್ ಕಾಯಿಲೆ ಇರುವವರಿಗೆ ಗೋಧಿ, ಬಾರ್ಲಿ, ರೈ ಧಾನ್ಯಗಳ ಗ್ಲುಟೆನ್ ಆಗದು. ಅಕ್ಕಿ ಹಿಟ್ಟಿನ ಪೈಯನ್ನು ಅವರು ಸಕ್ಕರೆ ಸಮೇತ ನಿಶ್ಚಿಂತೆಯಿಂದ ತಿನ್ನಬಹುದು. ಸಕ್ಕರೆ ಕಾಯಿಲೆ ಇರುವವರಿಗೆ ಅದೇ ಅಕ್ಕಿ ಹಿಟ್ಟು ಮೈದಾದಷ್ಟೇ ತೊಂದರೆ ಕೊಡುತ್ತದೆ. ಕೀಟೊ ಆಹಾರ ಪಾಲಿಸುವವರು ದಿನವೊಂದಕ್ಕೆ ಸುಮಾರು 20ರಿಂದ 50 ಗ್ರಾಂ ಕಾರ್ಬೋಹೈಡ್ರೇಟಿನ ಮಿತಿಯೊಳಗೆ ಎಲ್ಲವನ್ನೂ ಹೊಂದಿಸಬೇಕು. ಅಂಗಡಿಯಲ್ಲಿ ‘ಗ್ಲುಟೆನ್ ರಹಿತ’ ಎಂಬ ಚೀಟಿ ಕಂಡೊಡನೆ ಅದು ಮಧುಮೇಹಿಗಳಿಗೂ ಒಳ್ಳೆಯದೆಂದು ಕೊಳ್ಳುವವರು ಬಹಳ. ಅಂಥ ಸಿದ್ಧ ಹಿಟ್ಟುಗಳಲ್ಲಿ ಸಾಮಾನ್ಯವಾಗಿ ಇರುವುದು ಅಕ್ಕಿ, ಮರಗೆಣಸು, ಆಲೂಗೆಡ್ಡೆಗಳ ಪಿಷ್ಟ. 100 ಗ್ರಾಂ ಮೈದಾದಲ್ಲಿ ಸುಮಾರು 76 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೆ, ಅಷ್ಟೇ ಅಕ್ಕಿ ಹಿಟ್ಟಿನಲ್ಲಿ ಸುಮಾರು 80 ಗ್ರಾಂ ಇರುತ್ತದೆ. ನಮ್ಮ ರಾಗಿ, ಜೋಳ, ನವಣೆಗಳ ಮಾತೂ ಇದೇ. ಅವುಗಳಲ್ಲಿ ಗ್ಲುಟೆನ್ ಇಲ್ಲ, ಪೋಷಕಾಂಶಗಳೂ ನಾರೂ ಮೈದಾಕ್ಕಿಂತ ಹೆಚ್ಚು. ಆದರೆ ಪಿಷ್ಟ ಕಡಿಮೆಯಿರುವ ಧಾನ್ಯಗಳ ಸಾಲಿಗೆ ಅವು ಸೇರುವುದಿಲ್ಲ.

ಹಿನ್ನೆಲೆ

ಸಕ್ಕರೆಯಿಲ್ಲದ ಪೈ ಹೊಸದಲ್ಲ. 1381ರದೆಂದು ಗುರುತಿಸಲಾಗುವ ಇಂಗ್ಲಿಷ್ ಹಸ್ತಪ್ರತಿಯೊಂದರಲ್ಲಿ ಸೇಬಿನ ಪೈಯ ವಿಧಾನವಿದೆ. ಸೇಬು, ಪೇರ್, ಅಂಜೂರ, ಒಣದ್ರಾಕ್ಷಿ, ಮಸಾಲೆ, ಕೇಸರಿ ಇವಷ್ಟೇ ಅದರ ಸಾಮಗ್ರಿ, ಸಕ್ಕರೆಯ ಹೆಸರಿಲ್ಲ. ಆ ಕಾಲದ ಇಂಗ್ಲೆಂಡಿನಲ್ಲಿ ಸಕ್ಕರೆ ಮಸಾಲೆಗಳ ಜೊತೆ ಮಾರಾಟವಾಗುತ್ತಿದ್ದ ದುಬಾರಿ ಪದಾರ್ಥ. ಹೂರಣದ ಸಿಹಿಯೆಲ್ಲ ಹಣ್ಣಿನದೇ. ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಗುಲಾಮರ ದುಡಿಮೆಯಿಂದ ಸಕ್ಕರೆ ಅಗ್ಗವಾದ ಮೇಲೆ ಪೈ ಇಂದಿನ ಸಿಹಿಯನ್ನು ಪಡೆಯಿತು.

ಪಿಷ್ಟ ಬಿಡುವ ಪದ್ಧತಿ ಮಧುಮೇಹದ ಚಿಕಿತ್ಸೆಯಿಂದ ಬಂತು. ಇನ್ಸುಲಿನ್ ಇಲ್ಲದ 19ನೇ ಶತಮಾನದಲ್ಲಿ ವೈದ್ಯರ ಕೈಯಲ್ಲಿದ್ದ ಉಪಾಯವೆಂದರೆ ಪಥ್ಯ. 1840ರ ದಶಕದಲ್ಲಿ ಪ್ಯಾರಿಸಿನ ಅಪೊಲಿನೇರ್ ಬುಷಾರ್ದಾ ಗೋಧಿ ಹಿಟ್ಟಿನಿಂದ ಪಿಷ್ಟವನ್ನು ತೊಳೆದು ತೆಗೆದು, ಉಳಿದ ಗ್ಲುಟೆನ್ನಿನಿಂದಲೇ ಬ್ರೆಡ್ ಮಾಡಿಸಿ ರೋಗಿಗಳಿಗೆ ಕೊಟ್ಟರು. ಮುಂದೆ ಲಂಡನ್ನಿನ ವೈದ್ಯ ಫ್ರೆಡರಿಕ್ ವಿಲಿಯಂ ಪೇವಿ ಬಾದಾಮಿ ಹಿಟ್ಟಿನ ಬ್ರೆಡ್, ಬಿಸ್ಕತ್ತುಗಳನ್ನು ಶಿಫಾರಸು ಮಾಡಿದರು. ಇಂದಿನ ಕೀಟೊ ಅಡುಗೆಮನೆಯ ಮುಖ್ಯ ಹಿಟ್ಟಿಗೆ ಹೀಗೆ ಒಂದೂವರೆ ಶತಮಾನದ ವೈದ್ಯಕೀಯ ಹಿನ್ನೆಲೆ ಇದೆ. 1863ರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್, ಬ್ರೆಡ್ಡು, ಸಕ್ಕರೆ, ಬಿಯರ್, ಆಲೂಗೆಡ್ಡೆ ಬಿಟ್ಟು ತಾನು ತೂಕ ಇಳಿಸಿಕೊಂಡ ಬಗೆಯನ್ನು ಕಿರುಪುಸ್ತಕವಾಗಿ ಪ್ರಕಟಿಸಿದ. 1921ರಲ್ಲಿ ಮೇಯೊ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಮೂರ್ಛೆರೋಗಕ್ಕೆ ಕೀಟೊ ಪಥ್ಯವನ್ನು ಸೂಚಿಸಿದರು. 1972ರಲ್ಲಿ ಬಂದ ರಾಬರ್ಟ್ ಅಟ್ಕಿನ್ಸ್ ಅವರ ಪುಸ್ತಕ ಈ ಪಥ್ಯವನ್ನು ಆಸ್ಪತ್ರೆಯಿಂದ ಅಡುಗೆಮನೆಗೆ ತಂದಿತು.

ಗೋಧಿ ಬಿಡುವುದರ ಕಥೆ ಬೇರೆ. ಸೀಲಿಯಾಕ್ ಕಾಯಿಲೆಯ ಲಕ್ಷಣಗಳನ್ನು ಸ್ಯಾಮ್ಯುಯೆಲ್ ಗೀ 1888ರಲ್ಲೇ ಸ್ಪಷ್ಟವಾಗಿ ಬರೆದಿದ್ದರೂ ಕಾರಣ ತಿಳಿದಿರಲಿಲ್ಲ. ನೆದರ್‌ಲ್ಯಾಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕೆ ಅವರಿಗೆ 1930ರ ದಶಕದಿಂದಲೇ ಗೋಧಿಯ ಮೇಲೆ ಅನುಮಾನ. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, 1944–45ರಲ್ಲಿ, ಜನ ಹಸಿದಿದ್ದಾಗ ಬ್ರೆಡ್ ಸಿಗದೆ ಹೋಯಿತು. ಆಗ ಉಳಿದವರೆಲ್ಲ ಸೊರಗುತ್ತಿದ್ದರೆ ಸೀಲಿಯಾಕ್ ಇದ್ದ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ ಮರಳಿ ಬಂದಾಗ ಮತ್ತೆ ಹಾಸಿಗೆ ಹಿಡಿದರು. 1950ರ ತಮ್ಮ ಪ್ರೌಢಪ್ರಬಂಧದಲ್ಲಿ ಡಿಕೆ ಇದನ್ನು ನಿರೂಪಿಸಿದರು. ಭಾರತದಲ್ಲಿ ಈ ಕಾಯಿಲೆ ಗೋಧಿ ಉಣ್ಣುವ ಉತ್ತರದಲ್ಲಿ ಹೆಚ್ಚು. 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ರಕ್ತದಲ್ಲಿ ಈ ಕಾಯಿಲೆಯ ಪ್ರತಿಕಾಯಗಳು ಕಂಡವರು ಉತ್ತರ ಭಾರತದಲ್ಲಿ ನೂರಕ್ಕೆ 1.23, ದಕ್ಷಿಣದಲ್ಲಿ 0.10 ಎಂದು ಲೆಕ್ಕ ಕೊಟ್ಟಿತು. ಕನ್ನಡನಾಡಿನಲ್ಲಿ ಇಂಥ ಪೈಯ ವಿಚಾರ ಕೇಳುವವರಲ್ಲಿ ಹೆಚ್ಚಿನವರು ಸಕ್ಕರೆ ಕಾಯಿಲೆಯ ಕಾರಣಕ್ಕೆ ಕೇಳುವುದು ಸಹಜವೇ. ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ಅಧ್ಯಯನ ಅಂದಾಜಿಸಿತು.

ಕಣಕ

ಮೈದಾಕ್ಕೆ ನೀರು ಬೆರೆಸಿ ನಾದಿದಾಗ ಗ್ಲಿಯಾಡಿನ್ ಮತ್ತು ಗ್ಲುಟೆನಿನ್ ಎಂಬ ಪ್ರೋಟೀನುಗಳು ಹೆಣೆದುಕೊಂಡು ಎಳೆದರೆ ಹಿಗ್ಗುವ ಜಾಲವಾಗುತ್ತದೆ. ಕಣಕವನ್ನು ತೆಳ್ಳಗೆ ಲಟ್ಟಿಸಿ ಎತ್ತಿ ತಟ್ಟೆಗೆ ಹಾಸಲು ಸಾಧ್ಯವಾಗುವುದು ಈ ಜಾಲದಿಂದ. ಬಾದಾಮಿ ಹಿಟ್ಟಿನಲ್ಲಿ ಅದಿಲ್ಲ. ಹಾಗಾಗಿ ಈ ಕಣಕವನ್ನು ಲಟ್ಟಿಸುವ ಬದಲು ಬೆರಳಿನಿಂದಲೇ ತಟ್ಟೆಗೆ ಒತ್ತುತ್ತಾರೆ. ಲಟ್ಟಿಸಲೇಬೇಕೆಂದರೆ ಎರಡು ಬೆಣ್ಣೆಕಾಗದಗಳ ನಡುವೆ ಇಟ್ಟು ಲಟ್ಟಿಸಿ, ಫ್ರಿಜ್ಜಿನಲ್ಲಿ ಗಟ್ಟಿ ಮಾಡಿ, ಕಾಗದದ ಸಮೇತ ಮಗುಚಬೇಕು. ಪೈಯ ಮೇಲೆ ಜಾಲರಿಯಂತೆ ಹೆಣೆಯುವ ಪಟ್ಟಿಗಳು ಇದರಲ್ಲಿ ಮುರಿಯುತ್ತವೆ. ಅದಕ್ಕೆ ಹಟ ಮಾಡುವುದಕ್ಕಿಂತ ಮೇಲ್ಮುಚ್ಚಳವಿಲ್ಲದೆ ಮಾಡುವುದೋ ಪುಡಿಪುಡಿಯಾದ ಬಾದಾಮಿ ಮಿಶ್ರಣವನ್ನು ಮೇಲೆ ಉದುರಿಸುವುದೋ ಮೇಲು. ಕರಗಿಸಿದ ಮೊಜರೆಲ್ಲಾ ಚೀಸಿಗೆ ಬಾದಾಮಿ ಹಿಟ್ಟು ಬೆರೆಸಿ ಲಟ್ಟಿಸಬಲ್ಲ ಕಣಕ ಮಾಡುವವರೂ ಇದ್ದಾರೆ. ಹಣ್ಣಿನ ಹೂರಣದೊಡನೆ ಅದರ ರುಚಿ ಅಷ್ಟಾಗಿ ಕೂಡುವುದಿಲ್ಲ.

100 ಗ್ರಾಂ ಬಾದಾಮಿ ಹಿಟ್ಟಿನಲ್ಲಿ ಸುಮಾರು 21 ಗ್ರಾಂ ಕಾರ್ಬೋಹೈಡ್ರೇಟ್. ಅದರಲ್ಲಿ ಸುಮಾರು 12 ಗ್ರಾಂ ನಾರು. ಅರ್ಧದಷ್ಟು ತೂಕ ಕೊಬ್ಬು. ಈ ಕೊಬ್ಬಿನಿಂದಾಗಿ ಬೆಣ್ಣೆ ಮೈದಾದ ಕಣಕಕ್ಕಿಂತ ಕಡಿಮೆ ಸಾಕು, ನೀರು ಬೇಕಾಗುವುದೇ ಇಲ್ಲ. ಸಿಪ್ಪೆ ತೆಗೆದ ಬಾದಾಮಿಯ ಹಿಟ್ಟು ನುಣುಪಾಗಿಯೂ ತಿಳಿ ಬಣ್ಣದ್ದಾಗಿಯೂ ಇರುತ್ತದೆ. ಮನೆಯಲ್ಲೇ ಮಾಡುವುದಾದರೆ ಬಿಸಿನೀರಿನಲ್ಲಿ ನೆನೆಸಿ, ಸಿಪ್ಪೆ ಸುಲಿದು, ತೇವವೆಲ್ಲ ಹೋಗುವಂತೆ ಒಣಗಿಸಿ, ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಬೇಕು. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಆ ಮುದ್ದೆ ಮತ್ತೆ ಹಿಟ್ಟಾಗದು.

ತೆಂಗಿನ ಹಿಟ್ಟು ಬಾದಾಮಿಗೆ ಅಳತೆಗಳತೆಯ ಬದಲಿ ಅಲ್ಲ. ಕೊಬ್ಬು ತೆಗೆದ ತೆಂಗಿನ ಹಿಂಡಿಯನ್ನು ಒಣಗಿಸಿ ಬೀಸಿದ ಇದು ನಾರುಮಯ. ಸಿಕ್ಕಿದ ನೀರನ್ನೆಲ್ಲ ಹೀರಿ ಕಣಕವನ್ನು ಬಿರುಕುಬಿಡಿಸುತ್ತದೆ. ಬಾದಾಮಿಯ ಕಾಲು ಭಾಗದಷ್ಟಕ್ಕೆ ಮಾತ್ರ ಬಳಸಿದರೆ ಒಳ್ಳೆಯದು. ಬಾದಾಮಿ, ಗೋಡಂಬಿಗಳ ಅಲರ್ಜಿ ಇರುವವರು ಸೂರ್ಯಕಾಂತಿ ಬೀಜದ ಹಿಟ್ಟನ್ನು ಬಳಸುತ್ತಾರೆ. ಅದಕ್ಕೆ ಅಡುಗೆ ಸೋಡಾ ಸೇರಿದರೆ ಬೀಜದಲ್ಲಿರುವ ಕ್ಲೋರೊಜೆನಿಕ್ ಆಮ್ಲ ಕ್ಷಾರದೊಡನೆ ವರ್ತಿಸಿ, ಆರಿದ ಮೇಲೆ ಕಣಕ ಹಸಿರಾಗುತ್ತದೆ. ತಿನ್ನಲು ಅಪಾಯವಿಲ್ಲ, ನೋಡಿದವರು ಮಾತ್ರ ಬೂಸಲು ಹಿಡಿದಿದೆಯೆಂದು ಎಸೆಯುತ್ತಾರೆ. ಸೋಡಾ ಬಿಟ್ಟರೆ ಅಥವಾ ಒಂದು ಚಮಚ ನಿಂಬೆರಸ ಹಾಕಿದರೆ ಆ ಬಣ್ಣ ಬರುವುದಿಲ್ಲ.

ಅಂಟಿಗೆ ಮೊಟ್ಟೆ ಅತ್ಯುತ್ತಮ. ಮೊಟ್ಟೆ ತಿನ್ನದವರು ಅಗಸೆಬೀಜದ ಪುಡಿಯನ್ನು ನೀರಿನಲ್ಲಿ ಕದಡಿ ಲೋಳೆಯಾಗಲು ಬಿಟ್ಟು ಬಳಸಬಹುದು. ಉತ್ತರ ಕರ್ನಾಟಕದ ಅಡುಗೆಮನೆಯಲ್ಲಿ ಚಟ್ನಿಪುಡಿಗೆಂದು ಅಗಸೆ ಇದ್ದೇ ಇರುತ್ತದೆ. ಅದರ ಕಾರ್ಬೋಹೈಡ್ರೇಟಿನಲ್ಲಿ ಬಹುಪಾಲು ನಾರೇ ಆಗಿರುವುದರಿಂದ ಲೆಕ್ಕ ಏರುವುದಿಲ್ಲ.

ಹೂರಣದ ಹಣ್ಣು

ಪೈಯ ಯೋಗ್ಯತೆ ನಿರ್ಧಾರವಾಗುವುದು ಹಣ್ಣಿನ ಆಯ್ಕೆಯಲ್ಲಿ. ಸಕ್ಕರೆ ಬದಲಿಸುವ ವಿಚಾರಕ್ಕೆ ಜನ ಕೊಡುವ ಗಮನದ ಅರ್ಧದಷ್ಟನ್ನು ಹಣ್ಣಿಗೆ ಕೊಟ್ಟರೂ ಫಲ ಬೇರೆಯಾಗುತ್ತದೆ. ನಾರು ಕಳೆದು ಉಳಿಯುವ ಕಾರ್ಬೋಹೈಡ್ರೇಟು 100 ಗ್ರಾಂ ರಾಸ್‌ಬೆರಿಯಲ್ಲಿ ಸುಮಾರು 5.5, ಸ್ಟ್ರಾಬೆರಿಯಲ್ಲಿ 5.7, ಬ್ಲ್ಯಾಕ್‌ಬೆರಿಯಲ್ಲಿ 4.3 ಗ್ರಾಂ. ಬ್ಲೂಬೆರಿಯಲ್ಲಿ 12, ಸೇಬಿನಲ್ಲಿ 11.4ರ ಆಸುಪಾಸು. ಮಾವು 13 ದಾಟುತ್ತದೆ, ಬಾಳೆ 20ರ ಮೇಲೆ. ಹಲಸು, ಬಾಳೆ, ಸಪೋಟಗಳು ಈ ಪೈಗೆ ಒಗ್ಗುವುದಿಲ್ಲ. ಅವುಗಳನ್ನು ಹಣ್ಣಾಗಿಯೇ ಒಂದೆರಡು ತೊಳೆ, ಒಂದು ಹೋಳು ತಿನ್ನುವುದು ಲೇಸು.

ಅಮೆರಿಕ, ಇಂಗ್ಲೆಂಡುಗಳಲ್ಲಿ ಇದಕ್ಕೆ ಹೇಳಿ ಮಾಡಿಸಿದಂತಿರುವುದು ರೂಬಾರ್ಬ್. ಸಸ್ಯಶಾಸ್ತ್ರದ ಪ್ರಕಾರ ಅದು ಹಣ್ಣೇ ಅಲ್ಲ, ಎಲೆಯ ದಂಟು. ಆದರೂ ಪೈಗೆ ಅದರ ಬಳಕೆ ಎಷ್ಟು ಗಟ್ಟಿಯೆಂದರೆ 1947ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫೆಲೊದಲ್ಲಿ ಸುಂಕದ ನ್ಯಾಯಾಲಯವೊಂದು, ಜನ ಹಣ್ಣಿನಂತೆ ಬಳಸುವುದರಿಂದ ಇದನ್ನು ಹಣ್ಣೆಂದೇ ಎಣಿಸಬೇಕೆಂದು ತೀರ್ಪು ಕೊಟ್ಟಿತು. 100 ಗ್ರಾಂ ದಂಟಿನಲ್ಲಿ ಸಕ್ಕರೆ ಒಂದು ಗ್ರಾಮಿನಷ್ಟು ಮಾತ್ರ. ಹುಳಿ ಮಾತ್ರ ಹುಣಸೆಯನ್ನು ನೆನಪಿಸುವಷ್ಟು. ಎಲೆಯಲ್ಲಿ ಆಕ್ಸಾಲಿಕ್ ಆಮ್ಲ ಅಪಾಯದ ಮಟ್ಟದಲ್ಲಿರುವುದರಿಂದ ಅದನ್ನು ಕತ್ತರಿಸಿ ಎಸೆಯಬೇಕು. ಸ್ಟ್ರಾಬೆರಿ ಮತ್ತು ರೂಬಾರ್ಬ್ ಸಮಸಮ ಬೆರೆಸಿದ ಪೈ ಅಲ್ಲಿಯ ವಸಂತದ ಪ್ರಸಿದ್ಧ ತಿನಿಸು.

ಸೇಬಿನ ಪೈಯೇ ಬೇಕೆನ್ನುವವರಿಗೂ ದಾರಿಯಿದೆ. ಬೆಂಗಳೂರಿನ ತರಕಾರಿ ಗಾಡಿಗಳಲ್ಲಿ ವರ್ಷವಿಡೀ ಸಿಗುವ ಸೀಮೆಬದನೆಕಾಯಿ ಮೂಲತಃ ಮೆಕ್ಸಿಕೊ, ಮಧ್ಯ ಅಮೆರಿಕಗಳ ಬಳ್ಳಿ. ಆಸ್ಟ್ರೇಲಿಯದಲ್ಲಿ ಹಿತ್ತಲ ಬೇಲಿಗಳ ಮೇಲೆಲ್ಲ ಹಬ್ಬಿದ ಇದನ್ನು ಸೇಬು, ಪೇರ್ ಕೊಳ್ಳಲಾಗದ ದಿನಗಳಲ್ಲಿ ಪೈಗೆ ಹಾಕುತ್ತಿದ್ದರು. ಸಿಪ್ಪೆ, ಬೀಜ ತೆಗೆದು ತೆಳುವಾಗಿ ಹೆಚ್ಚಿ, ಮುರಿಯದಷ್ಟು ಮೆತ್ತಗೆ ಬೇಯಿಸಿ, ನಿಂಬೆರಸ, ದಾಲ್ಚಿನ್ನಿ, ಜಾಯಿಕಾಯಿ, ಚಿಟಿಕೆ ಉಪ್ಪು ಹಾಕಿದರೆ ಅಡುಗೆ ಬಲ್ಲವರೂ ಸೇಬೆಂದುಕೊಳ್ಳುವ ಹೂರಣವಾಗುತ್ತದೆ. ಸೇಬಿನ ಪೈಯೆಂದು ನಾವು ಗುರುತಿಸುವ ರುಚಿಯಲ್ಲಿ ಹುಳಿ, ದಾಲ್ಚಿನ್ನಿ, ಬೆಣ್ಣೆಗಳ ಪಾಲು ಎಷ್ಟಿದೆಯೆಂಬುದು ಇದನ್ನು ಒಮ್ಮೆ ಮಾಡಿದರೆ ಗೊತ್ತಾಗುತ್ತದೆ. ನಾರು ಕಳೆದರೆ ಇದರ ಕಾರ್ಬೋಹೈಡ್ರೇಟು 100 ಗ್ರಾಮಿಗೆ ಮೂರು ಗ್ರಾಂ ಒಳಗೇ.

ಮಹಾಬಲೇಶ್ವರದ ಸ್ಟ್ರಾಬೆರಿ ಚಳಿಗಾಲದಲ್ಲಿ ನಮ್ಮ ಪೇಟೆಗಳಿಗೂ ಬರುತ್ತದೆ. ರೇಷ್ಮೆ ಸೀಮೆಯ ಹಿಪ್ಪುನೇರಳೆ ಹಣ್ಣು ನಾರು ಕಳೆದು ಸುಮಾರು 8 ಗ್ರಾಮಿನದು, ನಿಂಬೆ ಹಿಂಡಿದರೆ ಪೈಗೆ ಒಪ್ಪುತ್ತದೆ. ಮೈಸೂರಿನ ಹೆಸರು ಹೊತ್ತ ಒಂದು ರಾಸ್‌ಬೆರಿಯೇ ಇದೆ. ರೂಬಸ್ ನಿವಿಯಸ್ ಎಂಬ ಈ ಕಪ್ಪು ಹಣ್ಣು ಭಾರತದ ಗುಡ್ಡಗಾಡಿನದು. ಬೆಚ್ಚನೆಯ ಹವೆಯನ್ನು ತಾಳುವ ಗುಣದಿಂದಾಗಿ ಫ್ಲಾರಿಡಾದ ಹಿತ್ತಲುಗಳಲ್ಲಿ ಇದನ್ನು ಬೆಳೆಸುತ್ತಾರೆ.

ಸಿಹಿ

ಹಣ್ಣಿನಲ್ಲಿಯೇ ಸಕ್ಕರೆ ಇರುವುದರಿಂದ ಯಾವ ಹಣ್ಣಿನ ಪೈಯೂ ಪೂರ್ತಿ ಸಕ್ಕರೆರಹಿತವಲ್ಲ. ‘ಸಕ್ಕರೆ ಸೇರಿಸದ’ ಎಂಬುದೇ ಸರಿಯಾದ ಮಾತು. ಸಕ್ಕರೆ ಬಿಟ್ಟು ಬೆಲ್ಲ, ಜೇನು, ಖರ್ಜೂರ ಹಾಕಿದ್ದೇವೆ ಎನ್ನುವ ಪೈಗಳ ಬಗ್ಗೆ ಮಧುಮೇಹಿಗಳು ಎಚ್ಚರದಿಂದಿರಬೇಕು. ಬೆಲ್ಲದ ಬಹುಭಾಗ ಸುಕ್ರೋಸ್, ಅಂದರೆ ಸಕ್ಕರೆಯೇ. 100 ಗ್ರಾಂ ಖರ್ಜೂರದಲ್ಲಿ 75 ಗ್ರಾಂ ಕಾರ್ಬೋಹೈಡ್ರೇಟಿದೆ. ಬೆಲ್ಲಕ್ಕೆ ನಮ್ಮಲ್ಲಿರುವ ಗೌರವ ರಕ್ತದ ಗ್ಲೂಕೋಸಿನ ಲೆಕ್ಕವನ್ನು ಬದಲಿಸುವುದಿಲ್ಲ.

ಪೈಯಲ್ಲಿ ಸಕ್ಕರೆ ಬರೀ ಸಿಹಿ ಕೊಡುವುದಿಲ್ಲ. ಹಣ್ಣಿನ ನೀರನ್ನು ಎಳೆದು ಪಾಕವಾಗಿಸುತ್ತದೆ, ಕಣಕಕ್ಕೆ ಕೆಂಪು ಬಣ್ಣ ತರುತ್ತದೆ, ಪೆಕ್ಟಿನ್ ಗಟ್ಟಿಯಾಗಲು ನೆರವಾಗುತ್ತದೆ, ಕೆಡದಂತೆ ಕಾಪಾಡುತ್ತದೆ. ಇಷ್ಟನ್ನೂ ಮಾಡುವ ಬದಲಿ ಪದಾರ್ಥ ಒಂದೂ ಇಲ್ಲ.

ಹೆಚ್ಚು ಬಳಕೆಯಲ್ಲಿರುವುದು ಎರಿಥ್ರಿಟಾಲ್. ಸಕ್ಕರೆಯ ಶೇಕಡ 60–70ರಷ್ಟು ಸಿಹಿ, ಗ್ರಾಮಿಗೆ 0.2 ಕ್ಯಾಲೊರಿ. ನೂರಕ್ಕೆ ಸುಮಾರು 90 ಪಾಲು ಸಣ್ಣ ಕರುಳಿನಲ್ಲಿ ಹೀರಿಕೊಂಡು ಬದಲಾಗದೆ ಮೂತ್ರದಲ್ಲಿ ಹೋಗುವುದರಿಂದ ರಕ್ತದ ಸಕ್ಕರೆ ಏರುವುದಿಲ್ಲ, ಹೊಟ್ಟೆಯುಬ್ಬರವೂ ಇಂಥ ಇತರ ಪದಾರ್ಥಗಳಿಗಿಂತ ಕಡಿಮೆ. ಆದರೆ ಕರಗುವಾಗ ಶಾಖ ಹೀರುವುದರಿಂದ ನಾಲಿಗೆಗೆ ತಣ್ಣನೆಯ ಅನುಭವ ಕೊಡುತ್ತದೆ; ಪುದೀನಾದಲ್ಲಿ ಅದು ಚೆನ್ನ, ಸೇಬಿನ ಪೈಯಲ್ಲಿ ಅಲ್ಲ. ತಣ್ಣಗಾದ ಹೂರಣದಲ್ಲಿ ಮತ್ತೆ ಹರಳುಗಟ್ಟಿ ಹಲ್ಲಿಗೆ ಮರಳಿನಂತೆ ಸಿಗುತ್ತದೆ. ನುಣ್ಣಗೆ ಪುಡಿ ಮಾಡಿ, ಪ್ರಮಾಣ ತಗ್ಗಿಸಿ, ಉಳಿದ ಸಿಹಿಯನ್ನು ಸ್ಟೀವಿಯಾದಿಂದ ತುಂಬಿಸುವುದು ಅನುಭವಿಗಳ ಪದ್ಧತಿ. ರಕ್ತದಲ್ಲಿ ಎರಿಥ್ರಿಟಾಲ್ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಕಂಡವೆಂದು ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ಸಂಶೋಧಕರು 2023ರಲ್ಲಿ ವರದಿ ಮಾಡಿದರು. ದೇಹವೂ ತಾನೇ ಒಂದಿಷ್ಟು ಎರಿಥ್ರಿಟಾಲನ್ನು ತಯಾರಿಸುವುದರಿಂದ ಇದು ಕಾರಣವೋ ಗುರುತೋ ಎಂಬ ಚರ್ಚೆ ತೀರಿಲ್ಲ. ಹೃದ್ರೋಗ ಇರುವವರು ವೈದ್ಯರನ್ನು ಕೇಳಿಯೇ ಬಳಸುವುದು ಕ್ಷೇಮ.

ಪರಗ್ವೆಯ ಗ್ವಾರನಿ ಜನ ಬಹುಕಾಲದಿಂದ ಬಲ್ಲ ಸ್ಟೀವಿಯಾದ ಸಾರ ಸಕ್ಕರೆಯ 200–300 ಪಟ್ಟು ಸಿಹಿ. ಚಿಟಿಕೆ ಹೆಚ್ಚಾದರೆ ಕಹಿ. ಚೀನಾದ ಗ್ವಾಂಗ್‌ಶಿಯ ಲುವೊಹಾನ್ ಹಣ್ಣಿನ ಸಾರಕ್ಕೆ ಆ ಕಹಿ ಕಡಿಮೆ, ಬೆಲೆ ಹೆಚ್ಚು. ಅಲ್ಯುಲೋಸ್ ನಿಜವಾದ ಸಕ್ಕರೆಯ ಜಾತಿಯದೇ ಆದರೂ ದೇಹ ಅದನ್ನು ಬಹುಮಟ್ಟಿಗೆ ಬಳಸಿಕೊಳ್ಳುವುದಿಲ್ಲ. ಕೆಂಪಗೆ ಬೇಯುವ, ಹರಳುಗಟ್ಟದ ಗುಣದಿಂದ ಅದು ಹೂರಣಕ್ಕೆ ಎಲ್ಲಕ್ಕಿಂತ ಒಳ್ಳೆಯದು. ಅಮೆರಿಕದ ಆಹಾರ ಇಲಾಖೆ 2019ರಲ್ಲಿ ಅದನ್ನು ಚೀಟಿಯ ಸಕ್ಕರೆ ಲೆಕ್ಕದಿಂದ ಹೊರಗಿಟ್ಟಿತು. ಆಸ್ಪರ್ಟೇಮ್ ಓವನ್ನಿನ ಶಾಖಕ್ಕೆ ಒಡೆದು ಸಿಹಿ ಕಳೆದುಕೊಳ್ಳುವುದರಿಂದ ಇಲ್ಲಿ ನಿರುಪಯೋಗಿ. ಮಾಲ್ಟಿಟಾಲ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ‘ಶುಗರ್‌ಫ್ರೀ’ ಎಂದು ಮಾರುವ ತಿನಿಸುಗಳ ಚೀಟಿಯಲ್ಲಿ ಇದರ ಹೆಸರು ಹುಡುಕಬೇಕು. ಕ್ಸೈಲಿಟಾಲ್ ಸಕ್ಕರೆಯಷ್ಟೇ ಸಿಹಿ, ರುಚಿಯೂ ಹತ್ತಿರ. ಆದರೆ ನಾಯಿಗೆ ಅದು ವಿಷ. ಮನೆಯಲ್ಲಿ ನಾಯಿಯಿದ್ದರೆ ಕ್ಸೈಲಿಟಾಲ್ ಹಾಕಿದ ಪೈಯ ಒಂದು ತುಂಡೂ ಅದರ ಬಾಯಿಗೆ ಸಿಗಬಾರದು.

ರಸ ಗಟ್ಟಿ ಮಾಡುವುದು

ಕಾರ್ನ್‌ಫ್ಲೋರ್ ಹತ್ತರಲ್ಲಿ ಒಂಬತ್ತು ಪಾಲು ಪಿಷ್ಟ. ಹಣ್ಣಿನ ಪೆಕ್ಟಿನ್ ತಾನೇ ಗಟ್ಟಿಯಾಗಲು ಹುಳಿಯ ಜೊತೆಗೆ ಶೇಕಡ 55ಕ್ಕೂ ಹೆಚ್ಚು ಸಕ್ಕರೆ ಬೇಕು. ಸಕ್ಕರೆ ಬಿಟ್ಟ ಜ್ಯಾಮ್ ನೀರಾಗಿ ಉಳಿಯುವುದು ಇದಕ್ಕೇ. ಈ ಪೈಯಲ್ಲಿ ಕ್ಸಾಂಥನ್ ಗಮ್ ಆ ಕೆಲಸ ಮಾಡುತ್ತದೆ. ಅಮೆರಿಕದ ಕೃಷಿ ಇಲಾಖೆಯ ಪಿಯೋರಿಯಾ ಪ್ರಯೋಗಾಲಯದಲ್ಲಿ ಆಲೀನ್ ಜೀನ್ಸ್ ಮತ್ತು ಸಂಗಡಿಗರು ಬ್ಯಾಕ್ಟೀರಿಯಾದಿಂದ ಪಡೆದ ಈ ಗೋಂದು 1969ರಲ್ಲಿ ಆಹಾರಕ್ಕೆ ಒಪ್ಪಿತವಾಯಿತು. ಅರ್ಧ ಕಿಲೋ ಹಣ್ಣಿಗೆ ಅರ್ಧ ಚಹಾಚಮಚ ಸಾಕು. ಒಂದಕ್ಕಿಂತ ಮೀರಿದರೆ ಬೆಂಡೆಯ ಲೋಳೆ. ನೇರವಾಗಿ ರಸಕ್ಕೆ ಸುರಿದರೆ ಗಂಟುಕಟ್ಟುತ್ತದೆ. ಪುಡಿ ಸಿಹಿಕಾರಕದಲ್ಲಿ ಮೊದಲೇ ಬೆರೆಸಿ ಉದುರಿಸಬೇಕು. ಗೋರಿಕಾಯಿ ಜಾತಿಯ ಬೀಜದಿಂದ ತೆಗೆಯುವ ಗ್ವಾರ್ ಗಮ್ ಇದಕ್ಕೆ ಸಮ, ಅದರಲ್ಲಿ ಭಾರತವೇ ಜಗತ್ತಿಗೆ ಮುಂದು. ಜೆಲಾಟಿನ್ ಬಳಸುವವರು ಹಸಿ ಅನಾನಸ್, ಪರಂಗಿ, ಕಿವಿ ಹಾಕಬಾರದು. ಅವುಗಳ ಕಿಣ್ವ ಜೆಲಾಟಿನ್ನನ್ನು ಒಡೆಯುತ್ತದೆ. ಬೇಯಿಸಿ ಹಾಕಿದರೆ ತೊಂದರೆಯಿಲ್ಲ.

ಒಂದು ಮಾದರಿ

23 ಸೆಂಟಿಮೀಟರ್ ಅಗಲದ ತಟ್ಟೆಗೆ 220 ಗ್ರಾಂ ಬಾದಾಮಿ ಹಿಟ್ಟು, 70 ಗ್ರಾಂ ಕರಗಿಸಿದ ಬೆಣ್ಣೆ, ಒಂದು ಮೊಟ್ಟೆ, ಎರಡು ಚಮಚ ಪುಡಿ ಎರಿಥ್ರಿಟಾಲ್, ಉಪ್ಪು. ಕಲಸಿ, ಅರ್ಧ ಗಂಟೆ ತಣ್ಣಗಿಟ್ಟು, ತಟ್ಟೆಯ ತಳಕ್ಕೂ ಅಂಚಿಗೂ ಒತ್ತಿ, ಫೋರ್ಕಿನಿಂದ ಚುಚ್ಚಿ, 170 ಡಿಗ್ರಿ ಸೆಲ್ಸಿಯಸ್‌ನಲ್ಲಿ 12 ನಿಮಿಷದಷ್ಟು ಬೇಯಿಸಬೇಕು. ಮೈದಾ ಪೈಯ 200–220 ಡಿಗ್ರಿ ಇಲ್ಲಿ ನಡೆಯದು. ಬಾದಾಮಿ ಬಹುಬೇಗ ಸೀಯುತ್ತದೆ. ಬಿಸಿ ಕಣಕಕ್ಕೆ ಮೊಟ್ಟೆಯ ಬಿಳಿಭಾಗವನ್ನು ತೆಳುವಾಗಿ ಸವರಿ ಇನ್ನೆರಡು ನಿಮಿಷ ಒಳಗಿಟ್ಟರೆ ರಸ ಇಳಿಯದಂತೆ ಪೊರೆಯಾಗುತ್ತದೆ.

300 ಗ್ರಾಂ ಸ್ಟ್ರಾಬೆರಿ, 300 ಗ್ರಾಂ ರೂಬಾರ್ಬನ್ನು ಸಿಹಿಕಾರಕ, ನಿಂಬೆಸಿಪ್ಪೆಯ ತುರಿಯೊಡನೆ ಒಲೆಯ ಮೇಲೆ ರಸ ಬಿಡುವಷ್ಟು ಬೇಯಿಸಿ, ಗೋಂದು ಉದುರಿಸಿ, ಆರಿದ ಮೇಲೆ ತುಂಬಬೇಕು. ಹಸಿ ಹಣ್ಣು ತುಂಬಿ ಬೇಯಿಸಿದರೆ ಅದು ಮೆತ್ತಗಾಗುವ ಹೊತ್ತಿಗೆ ಕಣಕ ಕಪ್ಪಾಗಿರುತ್ತದೆ. ತುಂಬಿದ ಮೇಲೆ ಅಂಚಿಗೆ ಫಾಯಿಲ್ ಸುತ್ತಿ 160 ಡಿಗ್ರಿಯಲ್ಲಿ 20 ನಿಮಿಷ. ಬಿಸಿಯಲ್ಲೇ ಕತ್ತರಿಸಿದರೆ ಕಣಕ ಪುಡಿಯಾಗುತ್ತದೆ. ಕೆಲವು ಗಂಟೆ ಆರಬೇಕು.

ಇದನ್ನು ಎಂಟು ಪಾಲು ಮಾಡಿದರೆ ಒಂದು ಪಾಲಿನಲ್ಲಿ ನಾರು ಕಳೆದು ಸುಮಾರು 6 ಗ್ರಾಂ ಕಾರ್ಬೋಹೈಡ್ರೇಟ್. ರೂಢಿಯ ಸೇಬಿನ ಪೈಯ ಪಾಲಿನಲ್ಲಿ 40ರಿಂದ 57 ಗ್ರಾಂ. ಕ್ಯಾಲೊರಿ ಮಾತ್ರ ಪಾಲಿಗೆ 250ರ ಹತ್ತಿರ, ಅಂಗಡಿಯ ಪೈಗಿಂತ ಹೆಚ್ಚೇನೂ ಕಡಿಮೆಯಿಲ್ಲ. ತೂಕ ಇಳಿಯುತ್ತದೆಂದು ಎರಡು ಪಾಲು ತಿನ್ನುವವರು ಇದನ್ನು ಗಮನಿಸಬೇಕು. ನಾರು ಮತ್ತು ಸಿಹಿಕಾರಕ ಕಳೆದು ಹೇಳುವ ‘ನೆಟ್ ಕಾರ್ಬ್’ಗೆ ಅಮೆರಿಕದ ಕಾನೂನಿನಲ್ಲಿ ವ್ಯಾಖ್ಯೆಯಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ತಿಂದ ಬಳಿಕ ಗ್ಲೂಕೋಮೀಟರಿನಲ್ಲಿ ನೋಡಿಕೊಳ್ಳುವುದೇ ಭರವಸೆಯ ದಾರಿ.

ಸೀಲಿಯಾಕ್ ಇರುವವರಿಗೆ ಮಾಡುವಾಗ ಸಾಮಗ್ರಿಯಷ್ಟೇ ಪಾತ್ರೆಗಳ ಬಗ್ಗೆಯೂ ಎಚ್ಚರ ಬೇಕು. ಗ್ಲುಟೆನ್‌ರಹಿತವೆನ್ನಲು ಅಂತರರಾಷ್ಟ್ರೀಯ ಮಿತಿ ಕಿಲೋಗೆ 20 ಮಿಲಿಗ್ರಾಂ. ಚಪಾತಿಯ ಮಣೆ, ಲಟ್ಟಣಿಗೆ, ಮೈದಾ ಜರಡಿಗಳ ಸಂದಿಯಲ್ಲಿ ಉಳಿದ ಹಿಟ್ಟು ಆ ಮಿತಿಯನ್ನು ಸುಲಭವಾಗಿ ದಾಟಿಸುತ್ತದೆ. ಅವರಿಗೆಂದು ಬೇರೆ ಜರಡಿ, ಬೇರೆ ಮರದ ಸಾಮಾನು ಇಡಬೇಕು.

ಸಕ್ಕರೆಯ ಕಾವಲಿಲ್ಲದ ಈ ಪೈ ಹೊರಗಿಟ್ಟರೆ ಬೇಗ ಕೆಡುತ್ತದೆ. ಫ್ರಿಜ್ಜಿನಲ್ಲಿ ಮುಚ್ಚಿಟ್ಟು ಮೂರು ನಾಲ್ಕು ದಿನದೊಳಗೆ ತಿನ್ನಬೇಕು. ತುಂಬದ ಕಣಕವನ್ನು ಫ್ರೀಜರಿನಲ್ಲಿ ಎರಡು ತಿಂಗಳವರೆಗೆ ಇಡಬಹುದು. ತಣ್ಣಗಿರುವಾಗ ಸಿಹಿ ಮಂಕಾಗಿ ತೋರುವುದರಿಂದ ಬಡಿಸುವ ಅರ್ಧ ಗಂಟೆ ಮೊದಲೇ ಹೊರತೆಗೆಯುತ್ತಾರೆ. ಮೇಲೆ ಸಕ್ಕರೆ ಹಾಕದ ಹಾಲಿನ ಕೆನೆಯನ್ನು ಕಡೆದು ಹಾಕುವುದು ರೂಢಿ.